ಬೇಸಿಗೆಯಲ್ಲಿ ಗಾಳಿ ಇಳಿಸಿದರೆ ಟೈರ್ ಉಳಿಯುವುದೇ?

"ಬಿಸಿಲು ಹೆಚ್ಚಿದೆ, ಜೀಪು, ಪಿಕಪ್‌ಗಳಿಗೆ ಐದಾರು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಕಡಿಮೆ ಹಾಕಿಸಿ, ಇಲ್ಲವಾದರೆ ಟೈರ್ ಸಿಡಿಯುತ್ತದೆ" ಎಂಬ ಸಂದೇಶ ಚಿತ್ರದುರ್ಗದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಇದನ್ನು ನಂಬಿ ಹೆದ್ದಾರಿಗೆ ಇಳಿಯುವವರನ್ನು ನೆನೆದರೆ ಭಯವಾಗುತ್ತದೆ.

ಗಾಳಿ ಕಡಿಮೆಯಾದ ಟೈರ್ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತದೆ, ಆ ಬಾಗುವಿಕೆಯಿಂದಲೇ ಒಳಗೆ ಶಾಖ ಹುಟ್ಟುತ್ತದೆ. ಹೇರು ತುಂಬಿಕೊಂಡು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ವೇಗವಾಗಿ ಓಡಿಸಿದರೆ ಒಳಪದರಗಳು ಬೇರ್ಪಟ್ಟು ಟೈರ್ ಸಿಡಿಯಬಹುದು. ಬಿಸಿಯಿಂದ ಒತ್ತಡ ಏರುವುದು ನಿಜ, ಸುಮಾರು 5–6 ಡಿಗ್ರಿ ಸೆಲ್ಸಿಯಸ್‌ಗೆ 1 ಪಿಎಸ್‌ಐ. ಆದರೆ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಒತ್ತಡದ ಅಂಕಿಯನ್ನು ಗಾಡಿ ತಯಾರಕರು ಈ ಏರಿಕೆ ಲೆಕ್ಕ ಹಿಡಿದೇ ಕೊಟ್ಟಿರುತ್ತಾರೆ. ಗಾಡಿ ಮೂರು ಗಂಟೆ ನಿಂತು ತಣ್ಣಗಾದ ಮೇಲೆ ಅಳೆಯಿರಿ.

ಮರಳು, ಕೆಸರಿನಲ್ಲಿ ಗಾಳಿ ಇಳಿಸುವ ಪದ್ಧತಿ ಇದೆ. ಅದು ನಿಧಾನ ಓಡಾಟಕ್ಕೆ ಮಾತ್ರ. ನಮ್ಮ ಗುಡ್ಡದ ದಾರಿಗಳಲ್ಲಿ ಚೂಪುಗಲ್ಲೇ ಹೆಚ್ಚು. ಮೆತ್ತಗಾದ ಟೈರಿನ ಪಕ್ಕೆ ಉಬ್ಬಿ ಕಲ್ಲಿಗೆ ಸಿಗುತ್ತದೆ. ಜಾಲಿಮುಳ್ಳು ನೆಲಕ್ಕೆ ತಾಗುವ ಭಾಗದಲ್ಲಿ ನಾಟಿದರೆ ಪಂಕ್ಚರ್ ಹಾಕಿಸಬಹುದು. ಪಕ್ಕೆ ಸೀಳಿದರೆ ಟೈರನ್ನೇ ಬದಲಿಸಬೇಕು.