ಮೀಸೆ ನೀರಾಯ್ತು

ಹೋದ ವಾರ ದಾವಣಗೆರೆ ನಿಟ್ಟುವಳ್ಳಿಯಲ್ಲಿ ಒಂದು ಗೃಹಪ್ರವೇಶ. ಊಟಕ್ಕೆ ಕೂತಿದ್ವಿ, ಕೋಸಂಬರಿ ಬಡಿಸಿ ಆಗಿತ್ತು, ಹೋಳಿಗೆ ಇನ್ನೂ ಆಚೆ ಸಾಲಲ್ಲಿತ್ತು. ಅಷ್ಟರಲ್ಲಿ ಪಕ್ಕದಲ್ಲಿದ್ದ ದೊಡ್ಡಪ್ಪ ಎಲೆಗೆ ನೀರು ಚಿಮುಕಿಸ್ತಾ, "ಅಲ್ಲೋ, ಅಂಡಮಾನಿಗೆ ಹೋಗಿ ಮೀನು ನೋಡ್ಕಂಡು ಬಂದ್ಯಂತೆ?" ಅಂದ್ರು. ಹೂಂ ದೊಡ್ಡಪ್ಪಾ ಅಂದೆ. "ತಿನ್ನಂಗಿಲ್ಲ, ಹಿಡಿಯಂಗಿಲ್ಲ, ಬರೀ ನೋಡಾಕೆ ಅಷ್ಟು ದುಡ್ಡಾ?" ಎದುರು ಸಾಲಿನವರೆಲ್ಲ ನಕ್ಕರು, ನನ್ನ ಹೆಂಡ್ತಿ ಎಲ್ಲರಿಗಿಂತ ಜೋರಾಗಿ ನಕ್ಕಳು, ಟಿಕೆಟ್ ಬುಕ್ ಮಾಡಿದ್ದೇ ಅವಳು ಅನ್ನೋದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಇದೆ. ಸಮುದ್ರದಲ್ಲಿ ಮುಖ ಮುಳುಗಿಸಿ ತೇಲ್ತಿದ್ದಾಗ ನನಗೊಂದು ವಿಷಯ ಹೊಳೆದಿತ್ತು, ಅದನ್ನ ಹೇಳೋಣ ಅಂತಾನೇ ಇದನ್ನ ಬರೆಯೋಕೆ ಕೂತಿದ್ದು. ಆದ್ರೆ ಅದಕ್ಕೂ ಮೊದ್ಲು ಮೀಸೆ ವಿಷಯ ಹೇಳ್ಬೇಕು.

ನಾವು ಹೋಗಿದ್ದು ಹ್ಯಾವ್ಲಾಕ್ ದ್ವೀಪಕ್ಕೆ. 2018ರಿಂದ ಅದರ ಹೆಸರು ಸ್ವರಾಜ್ ದ್ವೀಪ ಅಂತಾಗಿದೆ, ಆದ್ರೆ ನಮ್ಮ ಬೋಟ್ ಹುಡುಗ್ರ ಬಾಯಲ್ಲಿ ಬಂದಿದ್ದೆಲ್ಲ ಹ್ಯಾವ್ಲಾಕೇ. ಅಲ್ಲಿ ಬೆಳಗ್ಗೆ ಐದಕ್ಕೆಲ್ಲ ಬೆಳಕು ಕಣ್ಣಿಗೆ ಚುಚ್ಚುತ್ತೆ, ಸಂಜೆ ಐದೂವರೆಗೆ ದೀಪ ಹಚ್ಚೋ ಹೊತ್ತು, ಅಷ್ಟು ಪೂರ್ವಕ್ಕಿದ್ರೂ ಗಡಿಯಾರ ಮಾತ್ರ ನಮ್ಮದೇ. ಹಂಗಾಗಿ ರಜೆಗೆ ಹೋದವನು ಆಫೀಸಿಗಿಂತ ಬೇಗ ಎದ್ದು ಜೆಟ್ಟಿಯಲ್ಲಿ ಕ್ಯೂ ನಿಂತಿದ್ದೆ. ಅಲ್ಲಿಂದ ಸ್ಪೀಡ್ ಬೋಟಲ್ಲಿ ಎಲಿಫೆಂಟ್ ಬೀಚ್. ಕುಣಿದು ಕುಪ್ಪಳಿಸಿದ ಆ ಬೋಟ್ ಬಗ್ಗೆ ಬರೆಯಲ್ಲ, ನನ್ನ ಸೊಂಟ ಇನ್ನೂ ಅದರ ಬಗ್ಗೆ ಮಾತಾಡ್ತಿದೆ.

ದಡದಲ್ಲಿ ಒಬ್ಬ ಹುಡುಗ, ಇಪ್ಪತ್ತೆರಡು ಇರಬಹುದು, ನನ್ನ ಮುಖಕ್ಕೆ ನೀರೊಳಗೆ ನೋಡೋ ಗಾಜಿನ ಮಾಸ್ಕ್ ಒತ್ತಿ, ಎಳೆದು, ಮತ್ತೆ ಒತ್ತಿ, ತಲೆ ಆಡಿಸಿದ. ಹಿಂದಿಯಲ್ಲಿ ಹೇಳಿದ್ದು ಇಷ್ಟು: ಸರ್, ಮೀಸೆ ಜಾಸ್ತಿ ಆಯ್ತು, ನೀರು ಒಳಗೆ ಬರುತ್ತೆ.

ನಮ್ಮ ಕಡೆ ಯಾರಿಗಾದ್ರೂ "ಮೀಸೆ ಜಾಸ್ತಿ ಆಯ್ತು" ಅಂದ್ರೆ ಅದಕ್ಕೆ ಬೇರೆ ಅರ್ಥ. ಇವನು ಹೇಳ್ತಿದ್ದಿದ್ದು ರಬ್ಬರ್ ಅಂಚು ಚರ್ಮಕ್ಕೆ ಅಂಟಲ್ಲ, ಕೂದಲ ಸಂದಿಯಿಂದ ನೀರು ನುಗ್ಗುತ್ತೆ ಅಂತ. ವ್ಯಾಸಲೀನ್ ಡಬ್ಬಿ ತಂದು ಕೊಟ್ಟ. ಇಷ್ಟು ವರ್ಷ ಎಣ್ಣೆ ಕಾಣದ ಮೀಸೆಗೆ ಬೀಚಲ್ಲಿ ನಿಂತು, ಹದಿನೈದು ಜನ ನೋಡ್ತಿರೋವಾಗ ವ್ಯಾಸಲೀನ್ ಬಳ್ಕೊಂಡೆ.

ಈ ಮೀಸೆ ಸುಮ್ನೆ ಬಂದಿದ್ದಲ್ಲ. ನಮ್ಮಪ್ಪ ಕಾಟನ್ ಮಿಲ್ಲಲ್ಲಿ ಕೆಲ್ಸಕ್ಕಿದ್ರು, ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲ. ಬೆಳಗ್ಗೆ ಕಪ್ಪು ಮೀಸೆ ಇಟ್ಕೊಂಡು ಸೈಕಲ್ ಹತ್ತಿ ಹೋದೋರು ಶಿಫ್ಟ್ ಮುಗಿಸಿ ಬರೋವಾಗ ಮೀಸೆ ಬೆಳ್ಳಗಾಗಿರೋದು, ಪೂರ್ತಿ ಅರಳೆ ಧೂಳು. ನಾನು ಚಿಕ್ಕವನಿದ್ದಾಗ ನಮ್ಮಪ್ಪ ದಿನಾ ಮುದುಕ ಆಗಿ ಬಂದು ಬಚ್ಚಲಿಗೆ ಹೋಗಿ ವಯಸ್ಸು ತೊಳ್ಕೊಂಡು ಬರ್ತಾರೆ ಅಂತಾನೇ ತಿಳ್ಕೊಂಡಿದ್ದೆ, ಒಂದಿನ ನೀರು ಖಾಲಿಯಾಗಿದ್ದಕ್ಕೆ ಹೆದರಿ ಅತ್ತಿದ್ದೆ ಅಂತ ಅಮ್ಮ ಈಗ್ಲೂ ಎಲ್ಲರ ಮುಂದೆ ಹೇಳ್ತಾಳೆ. ಅಪ್ಪ ಅಂತಿದ್ದಿದ್ದು ಒಂದೇ, "ಮೀಸೆ ಇಲ್ದೇ ಇದ್ರೆ ಇದೆಲ್ಲ ಮೂಗಿಗೆ ಹೋಗಿರೋದು ಕಣೋ." ಅದು ಎಷ್ಟು ನಿಜವೋ ಬಿಟ್ಟಿದ್ದೋ, ಅವರಿಗೆ ಕೊನೆ ತನಕ ಕೆಮ್ಮಂತೂ ಬಿಡಲಿಲ್ಲ.

ಮಿಲ್ಲು ಮುಚ್ಚಿದ ವರ್ಷ ನಾನು ಪಿಯುಸಿ. ಮೀಸೆ ಚಿಗುರಿತು, ಅಪ್ಪನ ತರಾನೇ ಬಿಟ್ಟೆ. ಒಂದೇ ಒಂದು ಸಲ ಅದಕ್ಕೆ ಗಂಡಾಂತರ ಬಂದಿದ್ದು, ಮದುವೆಗೆ ವಾರ ಇದ್ದಾಗ. ನಾನು ಯಾವಾಗ್ಲೂ ಹೋಗೋ ಕಟಿಂಗ್ ಶಾಪಲ್ಲಿ ಬಲಗಡೆ ಟ್ರಿಮ್ ಮಾಡ್ತಿದ್ದಾಗ ಕರೆಂಟ್ ಹೋಯ್ತು, ಅವನು ಕೈ ನಿಲ್ಲಿಸಲಿಲ್ಲ. ಕರೆಂಟ್ ಬಂದಾಗ ಬಲಗಡೆ ಅರ್ಧ ಇಂಚು ಕಡಿಮೆ. ಎಡಗಡೆ ಸಮ ಮಾಡಿದ, ಅದು ಸ್ವಲ್ಪ ಜಾಸ್ತಿ ಸಮ ಆಯ್ತು, ಮತ್ತೆ ಬಲಗಡೆ. ಕೊನೆಗೆ ಮೂಗಿನ ಕೆಳಗೆ ಒಂದು ನೊಣ ಕೂತಂಗೆ ಉಳೀತು. ವಾರ ಪೂರ್ತಿ ಕರ್ಚೀಫ್ ಹಿಡ್ಕೊಂಡು ನೆಗಡಿ ಅಂತ ಓಡಾಡಿದೆ, ಹೆಣ್ಣಿನ ಕಡೆಯವರು ಎರಡು ಸಲ ಕಷಾಯ ಕಳಿಸಿದ್ರು, ಕುಡಿದೆ. ಮದುವೆ ಫೋಟೋದಲ್ಲಿರೋದು ಅದೇ ನೊಣ, ಇವತ್ತಿಗೂ ಹಾಲಲ್ಲಿ ಫ್ರೇಮ್ ಹಾಕಿದೆ.

ಸರಿ, ನೀರಿಗೆ ಇಳಿದ್ವಿ. ಇಳಿಯೋ ಮುಂಚೆ ಮಾಸ್ಕ್ ಗಾಜಿಗೆ ಉಗಿಬೇಕಂತೆ, ಆಗ ಮಂಜು ಕಟ್ಟಲ್ಲ. ಗೋಡೆ ಮೇಲೆ "ಉಗುಳಬೇಡಿ" ಅಂತ ಓದ್ಕೊಂಡೇ ಬೆಳೆದೋನಿಗೆ ದುಡ್ಡು ಕಟ್ಟಿ ಉಗಿಯೋ ಯೋಗ. ಆಮೇಲೆ ಮೂಗು ಮಾಸ್ಕೊಳಗೆ ಬಂದ್, ಬಾಯಲ್ಲೇ ಉಸಿರು. ಭದ್ರಾ ನಾಲೆಯಲ್ಲಿ ಮನೇಲಿ ಹೇಳದೇ ಕೇಳದೇ ಈಜು ಕಲ್ತೋನಿಗೆ ಲೈಫ್ ಜಾಕೆಟ್ ಬಿಗಿದು, ಟ್ಯೂಬ್ ಹಿಡಿಸಿ, ಆ ಹುಡುಗ ಎಮ್ಮೆ ಹೊಡ್ಕೊಂಡು ಹೋದಂಗೆ ಎಳ್ಕೊಂಡು ಹೋದ. ನಂಗೆ ಈಜು ಬರುತ್ತಪ್ಪಾ ಅಂದ್ರೆ ಬಾಯಲ್ಲಿ ಪೈಪು, ಬುಡುಬುಡು ಅಂತಷ್ಟೇ ಕೇಳಿಸ್ತು. ಇದೇ ಹ್ಯಾವ್ಲಾಕಲ್ಲಿ ರಾಜನ್ ಅಂತ ಒಂದು ಆನೆ ಸಮುದ್ರದಲ್ಲಿ ಈಜ್ತಿತ್ತು, 2016ರಲ್ಲಿ ತೀರಿಕೊಂಡಿತು. ಅದಕ್ಕೆ ಪೈಪನ್ನ ದೇವರೇ ಮುಖಕ್ಕೆ ಫಿಟ್ ಮಾಡಿ ಕಳಿಸಿದ್ದ, ಮೀಸೆ ಕೊಟ್ಟಿರಲಿಲ್ಲ.

ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂತಾರೆ, ನೀರಿಗೆ ಬಿದ್ರೆ ಏನು ಅಂತ ಯಾರೂ ಹೇಳಿಲ್ಲ. ಎರಡೇ ನಿಮಿಷಕ್ಕೆ ಮಾಸ್ಕಲ್ಲಿ ಅರ್ಧ ಲೋಟ ಉಪ್ಪುನೀರು. ನಾನು ಅವತ್ತು ನೋಡಿದ್ದು ಏನೋ ಹಳದಿ, ಏನೋ ನೀಲಿ, ಮತ್ತೆ ಆ ಹುಡುಗನ ಕಾಲು. ವಿಡಿಯೋ ಬೇರೆ ಕೊಟ್ರು, ಯಾವ್ದೋ ಹಾಡು ಹಾಕಿ. ಇಪ್ಪತ್ತು ಸೆಕೆಂಡಲ್ಲಿ ಹದಿನಾರು ಸೆಕೆಂಡು ನನ್ನ ಬೆನ್ನು, ಉಳಿದಿದ್ದರಲ್ಲಿ ನಾನು ಕಣ್ಣು ಮುಚ್ಕೊಂಡು ಹೆಬ್ಬೆಟ್ಟು ತೋರಿಸ್ತಿದೀನಿ. ಅದನ್ನ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದು ಯಾರು ಅಂತ ಹೇಳಲ್ಲ, ಮನೇಲಿ ಶಾಂತಿ ಬೇಕು.

ದಡಕ್ಕೆ ಬಂದು ಬೆಳ್ಳನೆ ಮರಳಲ್ಲಿ ಕೂತು ಊರಿಂದ ತಂದ ಖಾರ ಮಂಡಕ್ಕಿ ಬಿಚ್ಚಿದ್ವಿ. ಗಾಳಿಗೆ ಮಂಡಕ್ಕಿ ಹಾರೋದು, ಹಿಡಿಯೋದು, ಮರಳು ಕೊಡವಿ ಬಾಯಿಗೆ ಹಾಕೋದು. ಆಗ ಆ ಹುಡುಗ ಬಂದು ಪಕ್ಕದಲ್ಲಿ ಕೂತು ಹೇಳಿದ: ಗಿಳಿ ಮೂತಿ ಥರ ಬಾಯಿರೋ ಮೀನು, ಪ್ಯಾರಟ್ ಫಿಶ್, ಹವಳದ ಕಲ್ಲು ಕಡಿದು ತಿಂದು ಅರೆದು ಹಿಂದಿನಿಂದ ಮರಳು ಮಾಡಿ ಬಿಡುತ್ತೆ, ಈ ಬಿಳಿ ಮರಳಲ್ಲಿ ಅದರದ್ದೂ ಪಾಲಿದೆ ಅಂತ. ನನ್ನ ಹೆಂಡ್ತಿ ಬಾಯಲ್ಲಿದ್ದ ಮಂಡಕ್ಕಿ ಹಂಗೇ ನಿಲ್ತು. ಇಂಥ ವಿಷಯನ ತಿನ್ನೋಕೆ ಮುಂಚೆ ಹೇಳ್ಬೇಕು ಅನ್ನೋ ಜ್ಞಾನ ಈಗಿನ ಹುಡುಗ್ರಿಗೆ ಇಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಕಲ್ಲು ತಿನ್ನೋ ಮೀನನ್ನ ನೋಡದೇ ಹೋಗೋದಾ? ಎರಡು ಗಂಟೆಗೆ ಎದ್ದು, ಬಾತ್‌ರೂಮ್ ಬಾಗಿಲು ಹಾಕ್ಕೊಂಡು, ಹೆಂಡ್ತಿಯ ಉಗುರು ಕತ್ತರಿ ತಗೊಂಡು, ಬಲಗಡೆ ಸ್ವಲ್ಪ. ಎಡಗಡೆ ಸ್ವಲ್ಪ. ಕರೆಂಟ್ ಇತ್ತು, ದೇವರ ದಯೆ.

ಬೆಳಗ್ಗೆ ಮತ್ತೆ ದುಡ್ಡು ಕಟ್ಟಿ ಒಬ್ಬನೇ ಹೋದೆ. ಈ ಸಲ ನೀರು ಬರಲಿಲ್ಲ. ತಲೆ ಮುಳುಗಿಸಿದ ಕೂಡ್ಲೇ ಕಿವಿಗೆ ಕಟಕಟ ಅಂತ ಶಬ್ದ, ಯಾರೋ ಪಕ್ಕದ ಮನೇಲಿ ಚಕ್ಲಿ ಕಡೀತಿರೋ ಥರ. ತಿರುಗಿದ್ರೆ ಅದೇ. ಹಸಿರು, ನೀಲಿ, ಗುಲಾಬಿ ಬಣ್ಣ ಎಲ್ಲ ಒಂದೇ ಮೈ ಮೇಲೆ, ಕಲ್ಲಿಗೆ ಮೂತಿ ಹಚ್ಚಿ ಮೇಯ್ತಿದೆ. ನನ್ನ ಕಡೆ ನೋಡ್ಲೂ ಇಲ್ಲ. ಸ್ವಲ್ಪ ಮುಂದೆ ಹೋಗಿ ಬಾಲದ ಹತ್ರದಿಂದ ಬೆಳ್ಳಗೆ ಹೊಗೆ ಥರ ಬಿಟ್ಟು, ಅದು ನಿಧಾನಕ್ಕೆ ಕೆಳಗಿಳೀತಿದ್ದಾಗಲೇ ನನಗೆ ಆ ವಿಷಯ ಹೊಳೆದಿದ್ದು.

ಹೋಳಿಗೆ ನಮ್ಮ ಸಾಲಿಗೆ ಬಂತು, ತುಪ್ಪ ಬಂತು. ಈಗ ಹೇಳಿಬಿಡೋಣ ಅಂತ ದೊಡ್ಡಪ್ಪನ ಕಡೆ ತಿರುಗಿ, "ಅಲ್ಲ ದೊಡ್ಡಪ್ಪಾ, ನೀರೊಳಗೆ ಇಳಿದಾಗ ಏನಾಗುತ್ತೆ ಗೊತ್ತಾ..." ಅಂತ ಶುರು ಮಾಡಿದೆ. ಮುಂದಿನ ಪಂಕ್ತಿಯ ಯಾರೋ ಆಗ್ಲೇ ನನ್ನ ಕುರ್ಚಿ ಹಿಡ್ಕೊಂಡು ಬೆನ್ನಿಗೆ ನಿಂತಿದ್ರು. ದೊಡ್ಡಪ್ಪ ಹೋಳಿಗೆ ಮುರೀತಾ ಮುರೀತಾ ನನ್ನ ಮುಖನೇ ಒಂದು ಗಳಿಗೆ ನೋಡಿದ್ರು.

"ಅದಿರ್ಲಿ, ಮೀಸೆ ಯಾಕೋ ಸಣ್ಣಗಾದಂಗೈತಲ್ಲ?"

ನಾನು ಬಡಿಸೋನನ್ನ ಕರೆದು ಇನ್ನೊಂದು ಹೋಳಿಗೆ ಹಾಕಿಸ್ಕೊಂಡೆ.