ಆನೆ ಹಂದಿಯಾದ ರೂಪಾಯಿ

ಮುಂಬೈಯ ಮಾಟುಂಗದಲ್ಲಿರುವ ನಮ್ಮ ಹೋಟೆಲಿನ ಗಲ್ಲಾದ ಪಕ್ಕ ಅಪ್ಪ ಒಂದು ಉಪ್ಪಿನಕಾಯಿ ಭರಣಿ ಇಟ್ಟಿದ್ದರು. ಗಿರಾಕಿಗಳು ಗಡಿಬಿಡಿಯಲ್ಲಿ ದಾಟಿಸಿ ಹೋದ ನಡೆಯದ ನಾಣ್ಯಗಳೆಲ್ಲ ಅದರೊಳಗೆ. ನನ್ನ ನಾಣ್ಯದ ಹುಚ್ಚು ಶುರುವಾಗಿದ್ದೇ ಅಲ್ಲಿಂದ. ತೂತಿನ ಪೈಸೆಗೆ ಅಪ್ಪ ನಮ್ಮೂರ ಕಡೆ ಕರೆಯುವ ಹೆಸರನ್ನೇ ಹೇಳುತ್ತಿದ್ದರು: ಒಟ್ಟೆ ಮುಕ್ಕಾಲು. ಮೈಗಳ್ಳ ಹುಡುಗರಿಗೂ ಅದೇ ಬೈಗುಳ. ಪಕ್ಕದ ಮರಾಠಿ ಹೂವಿನವನಿಗೆ ಅದು ‘ಭೋಕಾಚಾ ಪೈಸಾ’. 1943ರಲ್ಲಿ, ಯುದ್ಧದ ಹೊತ್ತಲ್ಲಿ, ಲೋಹ ಉಳಿಸೋಕೆ ಅಂತ ಕೊರೆದ ತೂತು ಅದು. ಅದರ ಮೇಲಿನ ಕಿರೀಟ ಯಾರಿಗೆ ನೆನಪಿದೆ ಹೇಳಿ?

ಟಂಕಸಾಲೆ ಇಡುವ ಹೆಸರು ಬೇರೆ, ಜನ ಇಡುವ ಹೆಸರು ಬೇರೆ. ನನಗಂತೂ ಎರಡನೆಯದೇ ಅಸಲಿ. ತಪ್ಪಾಗಿ ನೋಡಿ ಇಟ್ಟದ್ದಾದರೆ ಇನ್ನೂ ಇಷ್ಟ.

1911ರ ರೂಪಾಯಿ ನೋಡಿ. ಐದನೇ ಜಾರ್ಜ್ ರಾಜನ ಮೊದಲ ರೂಪಾಯಿ. ಇಲ್ಲೇ ಮುಂಬೈಯ ಫೋರ್ಟ್ ಬಡಾವಣೆಯ ಟಂಕಸಾಲೆಯಲ್ಲೂ ಕಲ್ಕತ್ತದಲ್ಲೂ ಅಚ್ಚಾಯಿತು. ರಾಜನ ನಿಲುವಂಗಿಯ ಮೇಲಿನ ಪದಕದ ಸರದಲ್ಲಿ ಒಂದು ಪುಟ್ಟ ಆನೆ. ಸೊಂಡಿಲು ಮೋಟು, ಕಾಲೂ ಮೋಟು. ಜನ ನೋಡಿ ‘ಇದು ಹಂದಿ’ ಅಂದುಬಿಟ್ಟರು. ಮುಸ್ಲಿಮರಿಗೆ ಹಂದಿ ನಿಷಿದ್ಧ, ಗುಲ್ಲೆದ್ದಿತು. ಸರ್ಕಾರ ಗಾಬರಿಯಾಗಿ ಹಂಚದೆ ಉಳಿದದ್ದನ್ನೆಲ್ಲ ಕರಗಿಸಿತು. 1912ರಲ್ಲಿ ಆನೆಯನ್ನು ತಿದ್ದಿ, ಸೊಂಡಿಲು ಎದ್ದು ಕಾಣೋ ಹಾಗೆ ಮಾಡಿದರು. ಬೆಳ್ಳಿ ಕರಗಿತು, ‘ಹಂದಿ ರೂಪಾಯಿ’ ಅನ್ನೋ ಹೆಸರು ಕರಗಲಿಲ್ಲ.

ನಮ್ಮವರೊಬ್ಬರೇ ಅಲ್ಲ. ಡಚ್ಚರ ಬೆಳ್ಳಿ ನಾಣ್ಯದ ಸಿಂಹ ಅರಬರ ಕಣ್ಣಿಗೆ ನಾಯಿ. ಹೆಸರು ‘ಅಬು ಕಲ್ಬ್’, ಅಂದರೆ ನಾಯಿಯಪ್ಪ! ಸ್ಪೇನಿನ ನಾಣ್ಯದ ಎರಡು ಕಂಬಗಳನ್ನು ಫಿರಂಗಿ ಅಂದುಕೊಂಡು ಫಿರಂಗಿಯಪ್ಪ ಅಂದರು. ಕೆನಡಾದ ಕತೆ ಉಲ್ಟಾ. 1987ರ ಡಾಲರಿಗೆ ದೋಣಿಯ ಚಿತ್ರ ಬರಬೇಕಿತ್ತು. ಅಚ್ಚುಗಳು ದಾರಿಯಲ್ಲೇ ಕಳೆದುಹೋದವು. ಲೂನ್ ಅನ್ನೋ ನೀರುಹಕ್ಕಿಯನ್ನು ಹಾಕಿದರು. ಜನ ‘ಲೂನಿ’ ಅಂದರು. ಕೊನೆಗೆ ಟಂಕಸಾಲೆಯೇ ಆ ಹೆಸರನ್ನು ತನ್ನದು ಅಂತ ನೋಂದಾಯಿಸಿಕೊಂಡಿತು. ಜಾಣರು.

ನನ್ನ ಸಿಟ್ಟು ಇರೋದು ಈಗಿನ ಮಾರಾಟಗಾರರ ಮೇಲೆ. ಹೆಸರು ಅವರಿಗೆ ಬರೀ ಬೆಲೆ ಏರಿಸೋ ಏಣಿ. ಹೋದ ಮಳೆಗಾಲ ಫೋರ್ಟಿನ ಫುಟ್‌ಪಾತಲ್ಲಿ ಒಬ್ಬ ‘ಹಂದಿ ರೂಪಾಯಿ’ ಅಂತ ಒಂದನ್ನು ನನ್ನ ಕೈಗೆ ದಾಟಿಸಿದ. ಮನೆಗೆ ಬಂದು ತೂಗಿದೆ. ಹನ್ನೊಂದೂವರೆ ಗ್ರಾಮಿಗಿಂತ ಜಾಸ್ತಿ ತೂಗಬೇಕಿತ್ತು, ಒಂಬತ್ತು ದಾಟಲಿಲ್ಲ. ಅಯಸ್ಕಾಂತ ಹಿಡಿದರೆ ಟಪ್ ಅಂತ ಅಂಟಿತು. ಬೆಳ್ಳಿ ಎಲ್ಲಾದರೂ ಅಂಟುತ್ತಾ? ಹೆಂಡತಿ ನಕ್ಕಿದ್ದು ಇನ್ನೂ ನಿಂತಿಲ್ಲ.

2007ರ ಒಂದು ರೂಪಾಯಿ ನೆನಪಿದೆಯಾ, ಹೆಬ್ಬೆರಳು ಎತ್ತಿದ ಕೈಯದು? ಸರ್ಕಾರದ ಪ್ರಕಾರ ಅದು ನೃತ್ಯಮುದ್ರೆ. ನಮ್ಮ ಹೋಟೆಲ್ ಹುಡುಗರ ಪ್ರಕಾರ ‘ಹೆಬ್ಬೆಟ್ಟು’. ಈಗ ಗಲ್ಲಾದ ಮುಂದೆ ಕ್ಯೂಆರ್ ಕೋಡ್ ಇದೆ. ಹತ್ತು ರೂಪಾಯಿಯ ಎರಡು ಬಣ್ಣದ ನಾಣ್ಯ ಬಂದು ಇಷ್ಟು ವರ್ಷವಾದರೂ ನಮ್ಮ ಹುಡುಗರು ಅದಕ್ಕೊಂದು ಹೆಸರಿಟ್ಟಿಲ್ಲ. ನಿಮ್ಮ ಕಡೆ ಏನಾದರೂ ಅಂತಾರಾ? ಬೈಗುಳವಾದರೂ ಪರವಾಗಿಲ್ಲ, ಬರೆಯಿರಿ.

ಅಯಸ್ಕಾಂತಕ್ಕೆ ಅಂಟಿದ ಆ ಹಂದಿಯನ್ನು ಅಪ್ಪನ ಭರಣಿಗೇ ಹಾಕಿದ್ದೇನೆ, ಒಟ್ಟೆ ಮುಕ್ಕಾಲಿನ ಪಕ್ಕ.