ಶಾಬಾಸ್ ಹೇಳುವ ಕಷ್ಟ

ಶುಕ್ರವಾರ ಸಂಜೆಯಾದರೆ ನನಗೆ ಈಗ ಸಂಕಟ. ಶಿರಸಿಯ ನಮ್ಮ ಪುಟ್ಟ ಕಚೇರಿಯಲ್ಲಿ ನನ್ನ ಕೈಕೆಳಗೆ ಇರುವವರೇ ಆರು ಜನ. ಅವರಲ್ಲಿ ಒಬ್ಬರನ್ನು ಆರಿಸಿ, ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿ ‘ವಾರದ ತಾರೆ’ ಎಂದು ಹೊಗಳಬೇಕಂತೆ. ಮೇಲಿನವರ ಆದೇಶ. ಏಳನೇ ವಾರ ಯಾರನ್ನು ಹೊಗಳುವುದು ಎಂದು ಅದರಲ್ಲಿ ಬರೆದಿಲ್ಲ. ಮೊನ್ನೆ ತಾರೆಯಾದ ಹುಡುಗಿ ಬಂದು, “ಸರ್, ಫೋಟೋ ಬೇಡ. ಶನಿವಾರ ಅರ್ಧ ಗಂಟೆ ಬೇಗ ಬಿಡ್ತೀರಾ? ಯಲ್ಲಾಪುರದ ಬಸ್ಸು ತಪ್ಪುತ್ತೆ” ಅಂದಳು. ಆ ಅಧಿಕಾರ ನನಗಿಲ್ಲ. ತಾರೆ ಮಾಡುವ ಅಧಿಕಾರ ಮಾತ್ರ ಇದೆ.

ಹಾಗಂತ ನಾನೇನೂ ಮೆಚ್ಚುಗೆಯ ವಿರೋಧಿ ಅಲ್ಲ. ನಮ್ಮ ಸಭೆಗಳ ವಂದನಾರ್ಪಣೆಯನ್ನೇ ನೋಡಿ. ಕುರ್ಚಿ ಹಾಕಿದವರಿಗೂ ಧನ್ಯವಾದ ಇರುತ್ತದೆ. ಅಷ್ಟು ಹೊತ್ತಿಗೆ ಅವರು ಕುರ್ಚಿ ಎತ್ತುವ ಗಡಿಬಿಡಿಯಲ್ಲಿರುತ್ತಾರೆ, ಅಷ್ಟೇ.

ನಮ್ಮ ದೊಡ್ಡಪ್ಪ ಯಾರಿಗೂ ಶಾಬಾಸ್ ಹೇಳಿದ್ದನ್ನು ನಾನು ಕೇಳಿಲ್ಲ. ಮಾತಿನಲ್ಲಿ ಮಹಾ ಜುಗ್ಗ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಮದ್ದು ಹೊಡೆಯಲು, ಮರ ಹತ್ತುವ ಕೊನೆಗೌಡ ಬರುತ್ತಿದ್ದ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ನೀಲಿ ಉಪ್ಪು), 1 ಕೆಜಿ ಸುಣ್ಣ. ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಕೋಲು ಹಿಡಿದು ಕಲಕುವ ಕೆಲಸ ನನ್ನದು. ದೊಡ್ಡಪ್ಪ ಪ್ರತಿ ಡ್ರಮ್ಮಿಗೂ ಕತ್ತಿ ಅದ್ದಿ ನೋಡುತ್ತಿದ್ದ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ. ಅಷ್ಟರಲ್ಲಿ ಮರದ ತುದಿಯಿಂದ ಗೌಡ, “ಹೆಗಡೇರೆ, ಮದ್ದು ಬರ್ಲಿ!” ಎಂದು ಕೂಗುತ್ತಿದ್ದ. ದೊಡ್ಡಪ್ಪನಿಗೆ ಕೇಳಿಸುತ್ತಿರಲಿಲ್ಲ. ಕತ್ತಿ ಒರೆಸಿ ಇನ್ನೊಮ್ಮೆ ಅದ್ದುತ್ತಿದ್ದ.

ಗೌಡ ಒಂದು ಮರದಿಂದ ಇನ್ನೊಂದಕ್ಕೆ ಮೇಲಿನಿಂದ ಮೇಲೇ ದಾಟುವವ. ಇಳಿದಾಗ ಮೈಯೆಲ್ಲ ನೀಲಿ. ಜಗಲಿಯಲ್ಲಿ ಕೂತರೆ ದೊಡ್ಡಪ್ಪ ಮಾತಿಲ್ಲದೆ ಕವಳದ, ಅಂದರೆ ಎಲೆಅಡಿಕೆಯ, ಬಟ್ಟಲನ್ನೇ ಅವನ ಮುಂದೆ ತಳ್ಳುತ್ತಿದ್ದ. ನೆಂಟರು ಬಂದರೆ ಅಡಗುತ್ತಿದ್ದ ಒಳ್ಳೇ ತಂಬಾಕು ಅವತ್ತು ಬಟ್ಟಲಲ್ಲೇ ಇರುತ್ತಿತ್ತು. ಗೌಡ ಬೇಕಾದಷ್ಟು ತೆಗೆದುಕೊಳ್ಳುವಾಗ ದೊಡ್ಡಪ್ಪ ಅಂಗಳದ ನಾಯಿಯನ್ನು ನೋಡುತ್ತಿದ್ದ. ನೋಡುವಂಥದ್ದು ಆ ನಾಯಿಯಲ್ಲಿ ಏನೂ ಇರಲಿಲ್ಲ.

ಕೆಳಗಿನ ಮನೆಯ ಯಜಮಾನರು ಹಾಗಲ್ಲ. “ನಿನ್ನಂಥ ಗೌಡ ಈ ಸೀಮೆಯಲ್ಲೇ ಇಲ್ಲ ಮಾರಾಯ” ಎಂದು ಬೆಳಗಿನಿಂದ ಸಂಜೆವರೆಗೆ ಹೊಗಳುವರು. ಕೂಲಿ ಮಾತ್ರ ಅಡಿಕೆ ಮಾರಿದ ಮೇಲೆ. ಗೌಡ ಅವರ ತೋಟಕ್ಕೆ ಯಾವಾಗಲೂ ನಮ್ಮಲ್ಲಿ ಮುಗಿಸಿಯೇ ಹೋಗುತ್ತಿದ್ದ. ಅಷ್ಟರಲ್ಲಿ ಅಲ್ಲಿ ಕೊಳೆ ಬಿದ್ದು ಕಾಯಿ ಉದುರಲು ಶುರುವಾಗಿರುತ್ತಿತ್ತು. ಅವರು ಒಮ್ಮೆ ಬೇಜಾರು ಮಾಡಿಕೊಂಡಾಗ ಗೌಡ ಕೇಳಿದನಂತೆ: “ಹೊಗಳಿದ್ರೆ ಮರ ಗಿಡ್ಡ ಆಗ್ತದಾ ಒಡೇರೆ?”

ಇಷ್ಟು ಹೇಳಿ ದೊಡ್ಡಪ್ಪನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಬಹುದಿತ್ತು. ಆದರೆ ನನಗೆ ಅನುಮಾನ ಇದೆ. ಮದ್ದು ಕೆಟ್ಟರೆ ಗೌಡ ಮಳೆಯಲ್ಲಿ ಜಾರುವ ಮರವನ್ನು ಮತ್ತೆ ಹತ್ತಬೇಕು. ಕತ್ತಿ ಅದ್ದುತ್ತಿದ್ದುದು ಅದಕ್ಕೋ, ಸುಣ್ಣ ಕಮ್ಮಿಯಾದರೆ ಎಳೆಗಾಯಿ ಸುಟ್ಟುಹೋಗುತ್ತದೆ ಎಂಬ ಹೆದರಿಕೆಗೋ? ಒಮ್ಮೆ ಕೇಳಿಯೂ ಬಿಟ್ಟೆ. “ಸುಮ್ನೆ ಕಲಕು” ಅಂದ. ಗೌಡನನ್ನು ಕೇಳಿದರೆ, “ನಿಮ್ಮ ದೊಡ್ಡಪ್ಪಂಗೆ ಸುಣ್ಣದ ಲೆಕ್ಕ ಒಂದು ಸರೀ ಗೊತ್ತು” ಅಂದ. ಡ್ರಮ್ಮಿನದೋ ಎಲೆಗೆ ಹಚ್ಚುವುದೋ, ಬಿಡಿಸಿ ಹೇಳಲಿಲ್ಲ. ಬಾಯಿ ತುಂಬ ಕವಳ ಇತ್ತು.

ಈಗ ತೋಟಕ್ಕೆ ಫೈಬರ್ ದೋಟಿ, ಅಂದರೆ ಮರದ ತುದಿ ಮುಟ್ಟುವ ಉದ್ದ ಕೋಲು, ಬಂದಿದೆ. ಹುಡುಗರು ನೆಲದಲ್ಲೇ ನಿಂತು ಮದ್ದು ಹೊಡೆಯುತ್ತಾರೆ. ಕವಳ ಹಾಕುವುದಿಲ್ಲ. ಇವರನ್ನು ಹೇಗೆ ಉಳಿಸಿಕೊಳ್ಳುವುದು ಎಂದು ತಿಳಿಯದೆ ದೊಡ್ಡಪ್ಪನ ಮಗ ಈ ಸಲ ಒಬ್ಬನಿಗೆ ಶಾಲು ಹೊದೆಸಿದ. ಯಾವುದೋ ಸನ್ಮಾನದಲ್ಲಿ ಅವನಿಗೇ ಬಂದಿದ್ದ ಶಾಲು. ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದನಂತೆ: “ಇದನ್ನ ಕೂಲಿಯಲ್ಲಿ ಮುರ್ಕೊಳ್ಳೋದಿಲ್ಲ ಅಲ್ವಾ?”